ನಾರೂ ನೆಣವೂ

ಕಳೆದ ಸಂಚಿಕೆಯಲ್ಲಿ ನಾವು ತೌಡಿನ ಗುಣಗಳನ್ನು ಕುರಿತು ಬರೆದುದನ್ನು ಓದಿ ಹಲವರು ವಾಚಕರು ಕಾಗದಗಳನ್ನು ಕಳುಹಿಸಿದ್ದಾರೆ. ಅವುಗಳಲ್ಲಿ ಒಂದು ಮಾತ್ರ ಬೇರೆ ಬಗೆಯದು. ಅದನ್ನು ಬರೆದಾತನು ಒಂದು ಕಾಲದಲ್ಲಿ ನಮ್ಮ ಮುಂದೆ ಕುಳಿತು ಶಬ್ದರೂಪಾವಳಿಯನ್ನು ಒಪ್ಪಿಸಿದವನು. ಈಗ ದಾವಣಗೆರೆಯ ಕಡೆಯಲ್ಲಿ ಮಾಂಸದ ಕೋಳಿಗಳನ್ನು ಸಾಕಿ ಜೀವನ ಮಾಡುತ್ತಾನೆ. ಮುಸುಕಿನ ಜೋಳದ ಬೆಲೆ ಏರಿತೆಂದು ಮೇವಿನಲ್ಲಿ ಜೋಳದ ಅರ್ಧ ಪಾಲನ್ನು ತೆಗೆದು, ಅಗ್ಗವಾಗಿ ಸಿಕ್ಕಿದ ಸಣ್ಣಕಾಳಿನ ಗೋಧಿಯನ್ನು ಅರೆದು ಹಾಕಿದನಂತೆ. ಹತ್ತು ದಿವಸಗಳೊಳಗಾಗಿ ಮರಿಗಳ ಹಿಕ್ಕೆ ಅಂಟಂಟಾಯಿತು; ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ ಗಟ್ಟಿಕಟ್ಟಿತು; ತೂಕ ಏರಲಿಲ್ಲ. ಕೊಬ್ಬು ಸಾಲದಾಯಿತೆಂದು ತಾಳೆಯೆಣ್ಣೆಯನ್ನು ಇನ್ನಷ್ಟು ಸುರಿದನು. ಎಣ್ಣೆಯ ಹಣವೂ ಹೋಯಿತೇ ಹೊರತು ಫಲ ಕಾಣಲಿಲ್ಲ. ಸೊಸೈಟಿಯ ಸಾಲದ ಕಂತು ಎದುರಿಗಿದೆ. “ನಾರು ಒಳ್ಳೆಯದೆಂದು ತಾವು ಬರೆದಿರುವಿರಿ, ಮೇಷ್ಟ್ರೇ. ನನ್ನ ಕೋಳಿಗಳನ್ನು ಕೆಡಿಸಿದ್ದು ಗೋಧಿಯ ನಾರೇ ಎಂದು ಇಲ್ಲಿ ಹೇಳುತ್ತಾರೆ. ಯಾವುದು ನಿಜ?” ಎಂಬುದು ಆತನ ಪ್ರಶ್ನೆ.

ಗೃಹಸ್ಥರು ಓದುವ ಪತ್ರಿಕೆಯಲ್ಲಿ ಕೋಳಿಯ ಕರುಳಿನ ವಿಚಾರವೇಕೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ನಮ್ಮ ಮನೆಯ ಪಂಕ್ತಿಗೂ ಆ ಪದಾರ್ಥ ಬರುವುದಿಲ್ಲ. ಆದರೆ ಪ್ರಶ್ನೆ ಕೇಳಿದವನಿಗೆ ಉತ್ತರ ಹೇಳುವುದು ನಮ್ಮ ಹಳೆಯ ಕಸಬು. ಅಲ್ಲದೆ, ನಾರು ಮತ್ತು ಕೊಬ್ಬು ಇವುಗಳ ಸಂಬಂಧವನ್ನು ಕೋಳಿಯಲ್ಲಿ ಪರೀಕ್ಷಿಸಿದಷ್ಟು ಕೂಲಂಕಷವಾಗಿ ಮತ್ತಾವ ಪ್ರಾಣಿಯಲ್ಲಿ ಪರೀಕ್ಷಿಸಿರುವುದು ವಿರಳ. ಅಲ್ಲಿ ತಿಳಿದ ಸಂಗತಿಗಳು ನಮ್ಮ ಅಡಿಗೆಮನೆಗೂ ಬೇಕಾದುವು.

ಅಮರಸಿಂಹನು ಕೋಳಿಗೆ ‘ಚರಣಾಯುಧ’ವೆಂದೂ ‘ತಾಮ್ರಚೂಡ’ವೆಂದೂ ಹೆಸರುಗಳನ್ನು ಕೊಟ್ಟಿದ್ದಾನೆ. ಈಗಿನ ಬ್ರಾಯ್ಲರ್ ಎಂಬ ಮಾಂಸದ ಕೋಳಿಗೆ ಕಾಲಿನ ಆಯುಧವಾಗಲಿ ತಲೆಯ ತಾಮ್ರವರ್ಣದ ಜುಟ್ಟಾಗಲಿ ಬೆಳೆಯುವಷ್ಟು ಆಯುಸ್ಸೇ ಇಲ್ಲ. ಮೊಟ್ಟೆಯೊಡೆದು ಬಂದ ದಿನ ಸುಮಾರು 40 ಗ್ರಾಂ ತೂಗುವ ಮರಿಯು 35 ರಿಂದ 42 ದಿವಸಗಳಲ್ಲಿ 2 ಕಿಲೋಗ್ರಾಂ ಮೀರಿ ಬೆಳೆಯುತ್ತದೆ; ಎಂದರೆ ಹುಟ್ಟಿದಾಗಿನ ಐವತ್ತರಷ್ಟು. ಅಷ್ಟು ಬೇಗ ಬೆಳೆಯುವ ಶರೀರಕ್ಕೆ ಬೇಕಾದ ಶಕ್ತಿಯನ್ನು ಬರಿಯ ಧಾನ್ಯದಿಂದ ಒದಗಿಸುವುದು ಕಷ್ಟ. ಒಂದು ಗ್ರಾಂ ಹಿಟ್ಟಿನ ಅಂಶದಿಂದ 4 ಕ್ಯಾಲೊರಿ ಶಕ್ತಿ ಬಂದರೆ ಒಂದು ಗ್ರಾಂ ಕೊಬ್ಬಿನಿಂದ 9 ಬರುತ್ತದೆ. ಆದಕಾರಣ ಮೇವಿಗೆ ಎಣ್ಣೆಯನ್ನೋ ಕೊಬ್ಬನ್ನೋ ಬೆರೆಸುವುದು ವಾಡಿಕೆ. ಕೋಳಿ ಸಾಕುವ ಖರ್ಚಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮೇವಿಗೇ ಹೋಗುವುದು. ಆ ಮೇವಿನಲ್ಲಿ ತೂಕಕ್ಕೆ ತೂಕ ನೋಡಿದರೆ ಎಣ್ಣೆಯು ಧಾನ್ಯಕ್ಕಿಂತ ಬಹಳ ತುಟ್ಟಿ. ಸುರಿದ ಎಣ್ಣೆ ಮೈಗೆ ಹತ್ತದೆ ಹಿಕ್ಕೆಯಲ್ಲಿ ಹೊರಟುಹೋದರೆ ಸಾಕುವವನ ಗಂಟು ಹೊಲಸಿನೊಡನೆ ಹೋದಂತೆಯೇ.

ಎಣ್ಣೆಯು ಮೈಗೆ ಹತ್ತುವ ಬಗೆಯನ್ನು ಮೊದಲು ನೋಡೋಣ. ಎಣ್ಣೆಗೂ ನೀರಿಗೂ ಆಗದೆಂಬುದನ್ನು ಮಕ್ಕಳೂ ಬಲ್ಲರು. ಕರುಳಿನಲ್ಲಿರುವುದು ನೀರಿನ ರಾಜ್ಯ. ಜೀರ್ಣರಸಗಳು ನೀರಿನಲ್ಲಿ ಕರಗಿರುವ ವಸ್ತುಗಳಾದ್ದರಿಂದ ತೇಲುವ ಎಣ್ಣೆಯ ಹನಿಯ ಮೇಲ್ಮೈಯನ್ನು ಮಾತ್ರ ಮುಟ್ಟಬಲ್ಲುವು. ಹನಿ ದೊಡ್ಡದಾದಷ್ಟೂ ಒಳಗಿನ ಎಣ್ಣೆ ಸುರಕ್ಷಿತ. ಹೀಗಿರುವಲ್ಲಿ ಸಹಾಯಕ್ಕೆ ಬರುವುದು ಪಿತ್ತರಸ. ಎಣ್ಣೆಸ್ನಾನದ ದಿನ ಮೈಗೆ ಹತ್ತಿದ ಹರಳೆಣ್ಣೆಯನ್ನು ಬರಿಯ ನೀರು ತೊಳೆಯಲಾರದು, ಸೀಗೆಪುಡಿ ಬೇಕು. ಸೀಗೆಯು ಎಣ್ಣೆಯನ್ನು ಕಣಕಣವಾಗಿ ಒಡೆದು ನೀರಿನೊಡನೆ ಹೋಗುವಂತೆ ಮಾಡುತ್ತದೆ. ಪಿತ್ತರಸದಲ್ಲಿರುವ ಪಿತ್ತಲವಣಗಳು ಕರುಳಿನಲ್ಲಿ ಮಾಡುವ ಕೆಲಸವೂ ಇದೇ. ಹಾಗೆ ಒಡೆದ ಸಣ್ಣ ಹನಿಗಳ ಮೇಲೆ ಲೈಪೇಸ್ ಎಂಬ ಕಿಣ್ವವು ಕುಳಿತು ಕೊಬ್ಬನ್ನು ಕತ್ತರಿಸುತ್ತದೆ. ಈ ಕಿಣ್ವವು ಮೇದೋಜೀರಕಾಂಗದಿಂದ ಬರುವುದು. ಮೇದಸ್ಸೆಂದರೆ ಕೊಬ್ಬು, ಜೀರಕವೆಂದರೆ ಜೀರ್ಣಮಾಡತಕ್ಕದ್ದು. ನಮ್ಮವರು ಈ ಅಂಗಕ್ಕೆ ಹೆಸರಿಡುವಾಗ ಅರ್ಥವನ್ನು ಬಲ್ಲವರಾಗಿಯೇ ಇಟ್ಟಿದ್ದಾರೆ. ಕತ್ತರಿಸಿದ ತುಣುಕುಗಳನ್ನು ಪಿತ್ತಲವಣಗಳು ಮತ್ತೆ ಸುತ್ತುವರಿದು, ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳನ್ನು ಕಟ್ಟಿ, ಕರುಳಿನ ಗೋಡೆಯವರೆಗೆ ಒಯ್ದು ಒಪ್ಪಿಸುತ್ತವೆ.

ಕೋಳಿಯಲ್ಲಿ ಎರಡು ವಿಶೇಷಗಳುಂಟು. ನಮ್ಮ ಶರೀರದಲ್ಲಿ ಹೀರಲ್ಪಟ್ಟ ಕೊಬ್ಬಿನ ಬಹುಭಾಗವು ದುಗ್ಧರಸನಾಳಗಳ ಮೂಲಕ ಸುತ್ತಿಬಳಸಿ ರಕ್ತಕ್ಕೆ ಸೇರುವುದು. ಹಕ್ಕಿಗಳಲ್ಲಿ ಆ ನಾಳಗಳು ಅಷ್ಟಾಗಿ ಬೆಳೆದಿಲ್ಲವಾಗಿ ಕೊಬ್ಬು ನೇರವಾಗಿ ರಕ್ತದೊಡನೆ ಯಕೃತ್ತಿಗೇ ಹೋಗುವುದು. ಎರಡನೆಯ ವಿಶೇಷವು ಹೊಟ್ಟೆಯದು. ಕೋಳಿಗೆ ಹಲ್ಲಿಲ್ಲ. ತಿಂದ ಕಾಳು ಗಂಟಲಿನ ಚೀಲದಲ್ಲಿ ನೆನೆದು, ಹುಳಿರಸವನ್ನು ಸುರಿಸುವ ಮೊದಲ ಹೊಟ್ಟೆಯನ್ನು ದಾಟಿ, ಬಲವಾದ ಮಾಂಸಖಂಡಗಳಿಂದಾದ ಎರಡನೆಯ ಹೊಟ್ಟೆಗೆ ಬರುತ್ತದೆ. ಇದೇ ಅದರ ಒರಳು, ಇದೇ ಬೀಸುವ ಕಲ್ಲು. ಇಲ್ಲಿ ಅರೆದುದು ಸಣ್ಣ ಕರುಳಿಗೆ ಇಳಿಯುವುದು. ಇಳಿದುದರಲ್ಲಿ ಒಂದು ಪಾಲು ಪಿತ್ತರಸವನ್ನು ಬೆರೆಸಿಕೊಂಡು ಮತ್ತೆ ಹಿಂದಕ್ಕೆ ಅರೆಯುವ ಹೊಟ್ಟೆಗೆ ಬರುವುದೂ ಉಂಟು. ನಮ್ಮಲ್ಲಿ ಹೀಗಾದರೆ ಅದು ರೋಗ; ಕೋಳಿಯಲ್ಲಿ ಅದು ನಿತ್ಯಕರ್ಮ. ಈ ಹಿಮ್ಮುಖದ ಓಟವನ್ನು ವಾಚಕರು ಜ್ಞಾಪಕದಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಇನ್ನು ನಾರಿನ ವಿಷಯ. ನಾರೆಂಬ ಒಂದೇ ಹೆಸರಿನಲ್ಲಿ ಪರಸ್ಪರ ಸಂಬಂಧವಿಲ್ಲದ ಎರಡು ಕುಲಗಳನ್ನು ಸೇರಿಸಿಬಿಟ್ಟಿರುವುದೇ ಎಲ್ಲ ಗೊಂದಲಕ್ಕೂ ಮೂಲವೆಂದು ನಮ್ಮ ಅಭಿಪ್ರಾಯ. ಭತ್ತದ ಹೊಟ್ಟನ್ನು ಒಂದು ಲೋಟ ನೀರಿಗೆ ಹಾಕಿರಿ. ಮರುದಿನವೂ ಹೊಟ್ಟು ಹೊಟ್ಟಾಗಿಯೇ, ನೀರು ನೀರಾಗಿಯೇ ಇರುವುದು. ಮತ್ತೊಂದು ಲೋಟಕ್ಕೆ ಮೆಂತ್ಯವನ್ನೋ ಇಸಬ್ಗೋಲನ್ನೋ ಹಾಕಿರಿ. ಬೆಳಗಾಗುವುದರೊಳಗೆ ನೀರೆಲ್ಲ ಲೋಳೆಯಾಗುವುದು. ಎರಡೂ ನಾರೇ. ಎರಡನ್ನೂ ಪ್ರಾಣಿಗಳ ಜೀರ್ಣರಸಗಳು ಕರಗಿಸಲಾರವು ಎಂಬುದೊಂದೇ ಅವಕ್ಕಿರುವ ಸಾಮ್ಯ. ಮೊದಲನೆಯದು ನೀರಿನಲ್ಲಿ ಕರಗದ ಒರಟು ನಾರು. ಎರಡನೆಯದು ನೀರಿನಲ್ಲಿ ಕರಗಿ ಅಂಟಾಗುವ ನಾರು.

ಧಾನ್ಯಗಳಲ್ಲಿ ಈ ಅಂಟುನಾರು ಎಲ್ಲದರಲ್ಲಿಯೂ ಒಂದೇ ಪ್ರಮಾಣದಲ್ಲಿಲ್ಲ. ಮುಸುಕಿನ ಜೋಳ (ಧಾರವಾಡದ ಕಡೆಯವರ ಗೋವಿನ ಜೋಳ) ಮತ್ತು ನಮ್ಮ ಬಿಳಿಯ ಜೋಳ, ಇವುಗಳಲ್ಲಿ ಅದು ನೂರಕ್ಕೆ ಒಂದು ಪಾಲಿನ ಹತ್ತನೆಯ ಒಂದೆರಡು ಅಂಶದಷ್ಟು ಮಾತ್ರ. ಅಕ್ಕಿಯಲ್ಲಿ ಇಲ್ಲವೆಂದೇ ಹೇಳಬಹುದು. ಗೋಧಿಯಲ್ಲಿ ನೂರಕ್ಕೆ ಸುಮಾರು 2 ಪಾಲು. ಬಾರ್ಲಿಯಲ್ಲಿಯೂ, ಯೂರೋಪಿನ ಚಳಿಯ ಸೀಮೆಗಳಲ್ಲಿ ಬೆಳೆಯುವ ರೈ ಎಂಬ ಧಾನ್ಯದಲ್ಲಿಯೂ 4ಕ್ಕೂ ಮೇಲು. ಗೋಧಿ ಮತ್ತು ರೈಗಳಲ್ಲಿರುವ ಅಂಟಿಗೆ ಅರಬಿನೋಕ್ಸೈಲಾನ್ ಎಂದೂ, ಬಾರ್ಲಿ ಮತ್ತು ಓಟ್ಸ್‌ಗಳಲ್ಲಿರುವುದಕ್ಕೆ ಬೀಟಾ ಗ್ಲೂಕಾನ್ ಎಂದೂ ಹೆಸರು. ಹೆಸರುಗಳು ಉರುಟಾಗಿವೆ, ವಸ್ತುವು ನುಣುಪಾದದ್ದು.

ಈ ಅಂಟು ಕರುಳಿನಲ್ಲಿ ಏನು ಮಾಡುವುದೆಂಬುದಕ್ಕೆ ಸೀಗೆಪುಡಿಯ ದೃಷ್ಟಾಂತವೇ ಸಾಕು. ಸೀಗೆಯನ್ನು ನೀರಿನಲ್ಲಿ ಕಲಸುವುದಕ್ಕೆ ಬದಲಾಗಿ ಮಂದವಾದ ಗಂಜಿಯಲ್ಲಿ ಕಲಸಿ ತಲೆಗೆ ಹಚ್ಚಿದರೆ ಎಣ್ಣೆ ಹೋದೀತೇ? ಸೀಗೆ ಇದೆ, ಎಣ್ಣೆಯೂ ಇದೆ. ಆದರೆ ಒಂದನ್ನೊಂದು ಸಂಧಿಸುವುದಕ್ಕೆ ಗಂಜಿ ಬಿಡದು. ಕರುಳಿನೊಳಗಣ ಪದಾರ್ಥವು ಲೋಳೆಯಾದಾಗ ಎಣ್ಣೆಯ ಹನಿಗಳು ಒಡೆಯುವುದು ನಿಧಾನವಾಗುತ್ತದೆ. ಲೈಪೇಸ್ ಹನಿಯನ್ನು ಮುಟ್ಟುವುದು ತಡವಾಗುತ್ತದೆ. ಪಿತ್ತಲವಣಗಳು ಕಟ್ಟಿದ ಉಂಡೆಗಳು ಗೋಡೆಯವರೆಗೆ ಸಾಗುವುದು ಇನ್ನೂ ತಡವಾಗುತ್ತದೆ. ಹಿಟ್ಟು, ಸಸಾರಜನಕ ಇವುಗಳ ಜೀರ್ಣಕ್ಕೂ ಇದರಿಂದ ತೊಡಕುಂಟಾಗುವುದು ನಿಜ. ಆದರೆ ಕೊಬ್ಬಿನ ಜೀರ್ಣಕ್ಕೆ ಇಷ್ಟು ಮೆಟ್ಟಿಲುಗಳಿರುವುದರಿಂದ ಪೆಟ್ಟು ಹೆಚ್ಚಾಗಿ ಬೀಳುವುದು ಅದಕ್ಕೇ. ಕೊಬ್ಬಿನೊಡನೆಯೇ ಕರಗಿ ಬರಬೇಕಾದ ಎ, ಡಿ, ಇ, ಕೆ ಎಂಬ ಜೀವಸತ್ವಗಳೂ ಅದರ ಜೊತೆಯಲ್ಲಿಯೇ ನಷ್ಟವಾಗುವುವು.

ಇದು ಬರಿಯ ತರ್ಕವಲ್ಲ. ಆಸ್ಟ್ರೇಲಿಯಾ ದೇಶದಲ್ಲಿ ಚೋಕ್ಟ್ ಮತ್ತು ಆನಿಸನ್ ಎಂಬ ಇಬ್ಬರು ವಿಜ್ಞಾನಿಗಳು 1990 ಮತ್ತು 1992ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಗೋಧಿಯಿಂದ ಈ ಅಂಟನ್ನು ಬೇರ್ಪಡಿಸಿ ತೆಗೆದು, ಕೋಳಿಮರಿಗಳ ಮೇವಿಗೆ ಬೆರೆಸಿ ನೋಡಿದರು. ಮರಿಗಳ ಬೆಳವಣಿಗೆ ಕುಗ್ಗಿತು. ಹಿಟ್ಟು, ಸಸಾರಜನಕ, ಕೊಬ್ಬು ಮೂರರ ಜೀರ್ಣವೂ ಇಳಿಯಿತು. ಎಲ್ಲಕ್ಕಿಂತ ಹೆಚ್ಚಾಗಿ ಇಳಿದುದು ಕೊಬ್ಬಿನದು. ಅನಂತರ ಅದೇ ಅಂಟಿನ ಉದ್ದವಾದ ಸರಪಣಿಗಳನ್ನು ತುಂಡುತುಂಡಾಗಿ ಕತ್ತರಿಸಿ ಬೆರೆಸಿದಾಗ ಆ ಕೆಡುಕು ಕಾಣಲಿಲ್ಲ. ವಸ್ತುವಿನಲ್ಲಿ ವಿಷವೇನೂ ಇಲ್ಲ. ಉದ್ದವಾಗಿದ್ದು ಲೋಳೆಕಟ್ಟುವುದೇ ಅದರ ದೋಷವೆಂದು ಇದರಿಂದ ಸಿದ್ಧವಾಯಿತು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಲೋಳೆಯು ತಿಂದುದನ್ನು ಕರುಳಿನಲ್ಲಿ ತಡೆದು ನಿಲ್ಲಿಸುತ್ತದೆ. ಜೀರ್ಣವಾಗದ ಹಿಟ್ಟೂ ಕೊಬ್ಬೂ ಅಲ್ಲಿಯೇ ಉಳಿಯುತ್ತವೆ. ಅನ್ನಸತ್ರ ತೆರೆದಿರುವಾಗ ಅತಿಥಿಗಳಿಗೇನು ಕಡಮೆ? ಸಾಮಾನ್ಯವಾಗಿ ಸಣ್ಣ ಕರುಳಿನ ಮೇಲ್ಭಾಗದಲ್ಲಿ ವಿರಳವಾಗಿರುವ ಸೂಕ್ಷ್ಮಜೀವಿಗಳು ಅಲ್ಲಿ ಗುಂಪುಗೂಡುತ್ತವೆ. ಇವುಗಳಲ್ಲಿ ಕೆಲವು ಜಾತಿಗಳಿಗೆ ಪಿತ್ತಲವಣಗಳನ್ನು ಒಡೆಯುವ ಶಕ್ತಿ ಉಂಟು. ಕೋಳಿಯ ಪಿತ್ತಲವಣವೆಂದರೆ ಪಿತ್ತಾಮ್ಲಕ್ಕೆ ಟಾರಿನ್ ಎಂಬ ವಸ್ತುವು ಗಂಟುಹಾಕಿಕೊಂಡಿರುವ ಜೋಡಿ. (ಈ ಟಾರಿನ್ ಮೊದಲು ದೊರೆತುದು 1827ರಲ್ಲಿ ಎತ್ತಿನ ಪಿತ್ತದಿಂದ, ಲ್ಯಾಟಿನ್ ಭಾಷೆಯಲ್ಲಿ ಎತ್ತಿಗಿರುವ ಹೆಸರೇ ಅದಕ್ಕೆ ಬಂದಿದೆ.) ಸೂಕ್ಷ್ಮಜೀವಿಗಳು ಆ ಗಂಟನ್ನು ಬಿಚ್ಚಿಬಿಡುತ್ತವೆ. ಜೋಡಿ ಕಳೆದುಕೊಂಡ ಪಿತ್ತಾಮ್ಲವು ಕೊಬ್ಬನ್ನು ಹೊರುವ ಕೆಲಸಕ್ಕೆ ಮೊದಲಿನಷ್ಟು ಯೋಗ್ಯವಲ್ಲ. ಸೀಗೆಯನ್ನು ಗಂಜಿಯಲ್ಲಿ ಕಲಸಿದ್ದೂ ಆಯಿತು, ಅನಂತರ ಆ ಸೀಗೆಯ ಸತ್ತ್ವವನ್ನೇ ಯಾರೋ ಕದ್ದದ್ದೂ ಆಯಿತು ಎಂಬಂತೆ.

ಈ ಕಳ್ಳತನದ ಪಾಲು ಎಷ್ಟು ದೊಡ್ಡದೆಂಬುದು ಒಂದು ವಿಚಿತ್ರ ಪರೀಕ್ಷೆಯಿಂದ ತಿಳಿಯಿತು. ಕೋಳಿಮರಿಗಳನ್ನು ಹುಟ್ಟಿನಿಂದಲೇ ಯಾವ ಸೂಕ್ಷ್ಮಜೀವಿಯೂ ಸೋಂಕದಂತೆ ಮುಚ್ಚಿದ ಪೆಟ್ಟಿಗೆಗಳಲ್ಲಿ ಸಾಕುವುದು ಸಾಧ್ಯ. ಕೆನಡಾ ದೇಶದಲ್ಲಿ 1980ರ ದಶಕದಲ್ಲಿ ರೈ ಧಾನ್ಯವನ್ನು ಕೊಟ್ಟೂ, ಹಾಲೆಂಡಿನಲ್ಲಿ 2000ದ ಸುಮಾರಿನಲ್ಲಿ ಹಣ್ಣಿನ ಸಿಪ್ಪೆಯ ಅಂಟಾದ ಪೆಕ್ಟಿನ್ನನ್ನು ಕೊಟ್ಟೂ ಇಂಥ ಮರಿಗಳನ್ನು ಪರೀಕ್ಷಿಸಿದರು. ಸೂಕ್ಷ್ಮಜೀವಿಗಳಿಲ್ಲದ ಮರಿಗಳಲ್ಲಿ ಅಂಟಿನ ಹಾನಿ ಬಹಳ ಕಡಮೆಯಾಗಿತ್ತು. ಲೋಳೆಯು ಬಾಗಿಲನ್ನು ತೆರೆಯುವುದು. ಒಳಹೊಕ್ಕು ಸೂರೆಮಾಡುವವರು ಬೇರೆ.

ಎಳೆಯ ಮರಿಗಳಿಗೆ ಇದರ ಪೆಟ್ಟು ಹೆಚ್ಚು. ಹುಟ್ಟಿದ ಮೊದಲ ಒಂದೆರಡು ವಾರಗಳಲ್ಲಿ ಮರಿಗೆ ಪಿತ್ತವೂ ಲೈಪೇಸೂ ಸಾಕಷ್ಟು ಒಸರುವುದಿಲ್ಲ; ಇರುವ ಸ್ವಲ್ಪವನ್ನೂ ಕಳೆದುಕೊಂಡರೆ ಗತಿಯಿಲ್ಲ. ಕೊಬ್ಬಿನ ಜಾತಿಯೂ ಮುಖ್ಯ. ನಮ್ಮ ವೈದ್ಯಶಾಸ್ತ್ರದಲ್ಲಿ ಘೃತ, ತೈಲ, ವಸಾ, ಮಜ್ಜಾ ಎಂದು ಸ್ನೇಹಗಳನ್ನು ನಾಲ್ಕು ವಿಧವಾಗಿ ವಿಂಗಡಿಸಿದ್ದಾರೆ. ಎಲ್ಲ ಜಿಡ್ಡೂ ಒಂದೇ ಅಲ್ಲವೆಂಬ ವಿವೇಕ ಅಲ್ಲಿದೆ. ಸೋಯಾ ಎಣ್ಣೆಯಂಥ ದ್ರವತೈಲಗಳ ಅಮ್ಲಗಳು ಪಿತ್ತಲವಣದ ಉಂಡೆಗಳೊಳಗೆ ಸುಲಭವಾಗಿ ಸೇರುವುವು. ಗಟ್ಟಿಯಾಗಿ ಹೆಪ್ಪುಗಟ್ಟುವ ಪಶುವಿನ ಕೊಬ್ಬಿನ ಅಮ್ಲಗಳಿಗೆ ಪಿತ್ತದ ಸಹಾಯ ಹೆಚ್ಚಾಗಿ ಬೇಕು. ಜರ್ಮನಿಯಲ್ಲಿ 1990ರ ದಶಕದಲ್ಲಿ ರೈ ಮೇವಿನೊಡನೆ ಇವೆರಡನ್ನೂ ಹೋಲಿಸಿ ನೋಡಿದಾಗ, ಸೋಯಾ ಎಣ್ಣೆಗಿಂತ ಪಶುವಿನ ಕೊಬ್ಬಿನ ಜೀರ್ಣವೇ ಬಹಳವಾಗಿ ಕೆಟ್ಟುದು ಕಂಡುಬಂದಿತು. ತಾಳೆಯೆಣ್ಣೆಯು ಸಸ್ಯಜನ್ಯವಾದರೂ ಅದರಲ್ಲಿ ಗಟ್ಟಿ ಅಮ್ಲಗಳು ಸುಮಾರು ಅರ್ಧದಷ್ಟಿವೆ. ನಮ್ಮ ಶಿಷ್ಯನು ಅಂಟಾದ ಮೇವಿಗೆ ಇನ್ನಷ್ಟು ತಾಳೆಯೆಣ್ಣೆ ಸುರಿದರೂ ಫಲ ಕಾಣದಿರುವುದಕ್ಕೆ ಇದೇ ಕಾರಣವಾಗಿರಬೇಕು.

ಅಂಟನ್ನು ಕತ್ತರಿಸುವ ಉಪಾಯವು ಹೊಸದಲ್ಲ. ಅಮೆರಿಕದ ವಾಷಿಂಗ್ಟನ್ ಪ್ರಾಂತದ ಪುಲ್‌ಮನ್ ಎಂಬಲ್ಲಿನ ಕಾಲೇಜಿನವರು 1957ರಲ್ಲಿಯೇ, ಬಾರ್ಲಿಯನ್ನು ನೀರಿನಲ್ಲಿ ನೆನೆಸಿದರೂ ಕಿಣ್ವವನ್ನು ಬೆರೆಸಿದರೂ ಮರಿಗಳು ಚೆನ್ನಾಗಿ ಬೆಳೆಯುವುದೆಂದು ತೋರಿಸಿದರು. ಸಂಸ್ಕೃತದಲ್ಲಿ ‘ಕಿಣ್ವ’ವೆಂದರೆ ಮದ್ಯವನ್ನು ಹುಳಿಸುವುದಕ್ಕೆ ಹಾಕುವ ಹೆಪ್ಪು, ಆ ಶಬ್ದವನ್ನು ವಿಜ್ಞಾನಕ್ಕೆ ತಂದವರು ಔಚಿತ್ಯವನ್ನರಿತವರು. 1980ರ ದಶಕದಲ್ಲಿ, ಬಾರ್ಲಿಯೇ ಮುಖ್ಯ ಬೆಳೆಯಾದ ಫಿನ್ಲೆಂಡಿನಲ್ಲಿ ಈ ಕಿಣ್ವಗಳು ವ್ಯಾಪಾರದ ವಸ್ತುವಾಗಿ ಹೊರಟುವು. ಈಗ ಗೋಧಿ ಮತ್ತು ಬಾರ್ಲಿಗಳನ್ನು ತಿನ್ನಿಸುವ ದೇಶಗಳಲ್ಲಿ ಮೇವಿಗೆ ಕ್ಸೈಲನೇಸ್, ಗ್ಲೂಕನೇಸ್ ಎಂಬ ಕಿಣ್ವಗಳನ್ನು ಬೆರೆಸುವುದು ಸರ್ವಸಾಮಾನ್ಯ. ಅವು ಅಂಟಿನ ಸರಪಣಿಯನ್ನು ಪೂರ್ತಿ ಸಕ್ಕರೆಯಾಗಿ ಮಾಡಬೇಕಾಗಿಲ್ಲ. ನಾಲ್ಕೆಂಟು ಕಡೆ ಕತ್ತರಿಸಿದರೆ ಲೋಳೆ ನೀರಾಗುವುದು. ಉದ್ದದ ದಾರ ಸಿಕ್ಕುಬೀಳುವುದು, ಗೇಣುದ್ದದ ತುಂಡುಗಳು ಸಿಕ್ಕುಬೀಳವು.

ಹಿಂದೆ ಇದಕ್ಕೆ ಇನ್ನೊಂದು ಉಪಾಯವನ್ನೂ ಮಾಡುತ್ತಿದ್ದರು. ಸೂರೆಮಾಡುವ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕಾಗಿ ದಿನವೂ ಮೇವಿನಲ್ಲಿ ಸ್ವಲ್ಪ ಸ್ವಲ್ಪ ಆಂಟಿಬಯೋಟಿಕ್ ಔಷಧಿಯನ್ನು ಬೆರೆಸುವುದು. ಮರಿಗಳ ತೂಕವೇನೋ ಏರಿತು; ಆದರೆ ಔಷಧಿಗೆ ಬಗ್ಗದ ಕ್ರಿಮಿಗಳೂ ಬೆಳೆದುವು, ಅವು ಕೋಳಿಮನೆಯಲ್ಲಿಯೇ ಉಳಿಯಲಿಲ್ಲ. ಯೂರೋಪಿನ ಒಕ್ಕೂಟವು ಬೆಳವಣಿಗೆಗಾಗಿ ಇಂಥ ಔಷಧಿಗಳನ್ನು ಮೇವಿಗೆ ಹಾಕುವುದನ್ನು 2006ರ ಜನವರಿ 1ರಿಂದ ನಿಲ್ಲಿಸಿತು. ನಮ್ಮ ದೇಶದಲ್ಲಿ, ಮನುಷ್ಯರಿಗೆ ಬೇರೆ ಔಷಧಿಗಳೆಲ್ಲ ಸೋತಾಗ ಕೊಡುವ ಕೊಲಿಸ್ಟಿನ್ ಎಂಬುದನ್ನು ಆಹಾರದ ಪ್ರಾಣಿಗಳಿಗೆ ಕೊಡಕೂಡದೆಂದು 2019ರಲ್ಲಿ ಸರ್ಕಾರವು ನಿಷೇಧಿಸಿತು. ಕೋಳಿಯನ್ನು ಮುಟ್ಟದ ಮನೆಯವರಿಗೂ ಸಂಬಂಧಪಟ್ಟ ವಿಷಯವಿದು. ಮೇವಿನ ನಾರನ್ನು ಸರಿಪಡಿಸಿದರೆ ಔಷಧಿಯ ಡಬ್ಬಿಯನ್ನು ತೆರೆಯುವ ಪ್ರಸಂಗವೇ ಕಡಮೆಯಾಗುವುದರಿಂದ ಇದನ್ನು ನಾವು ಇಲ್ಲಿ ಹೇಳಬೇಕಾಯಿತು.

ಈಗ ಮೊದಲನೆಯ ಕುಲದ, ಎಂದರೆ ಕರಗದ ನಾರಿನ ವಿಚಾರ. ಹೊಟ್ಟನ್ನು ಕುಟ್ಟುವುದನ್ನು ‘ತುಷಕಂಡನ’ವೆಂದು ಸಂಸ್ಕೃತದಲ್ಲಿ ನಿಷ್ಫಲವಾದ ಕಾರ್ಯಕ್ಕೆ ಉಪಮಾನವಾಗಿ ಹೇಳುವರು. ಬಹುಕಾಲ ಕೋಳಿಶಾಸ್ತ್ರಜ್ಞರ ಅಭಿಪ್ರಾಯವೂ ಅದೇ ಆಗಿತ್ತು: ಹೊಟ್ಟಿನಲ್ಲಿ ಸತ್ತ್ವವಿಲ್ಲ, ಅದು ಹೊಟ್ಟೆಯಲ್ಲಿ ಸ್ಥಳವನ್ನು ಆಕ್ರಮಿಸುವುದಷ್ಟೇ, ಆದಷ್ಟು ತೆಗೆದುಹಾಕಬೇಕು. ಹೀಗೆ ತೆಗೆದು, ಉಳಿದುದನ್ನು ನುಣ್ಣಗೆ ಅರೆದು, ಗುಳಿಗೆ ಮಾಡಿ ತಿನ್ನಿಸಿದಾಗ ಒಂದು ವಿಪರೀತ ಕಂಡಿತು. ಕೆಲಸವಿಲ್ಲದ ಒರಳು ಕುಗ್ಗಿತು. ಅರೆಯುವ ಹೊಟ್ಟೆಯ ಬಲವಾದ ಗೋಡೆ ತೆಳುವಾಗಿ, ಅದು ಮೇವು ಹಾದುಹೋಗುವ ಬರಿಯ ಓಣಿಯಾಯಿತು. ಇಂಥ ಮೇವನ್ನು ತಿನ್ನುವ ಕೋಳಿಗಳು ನೆಲಕ್ಕೆ ಹಾಸಿದ ಮರದ ಹೊಟ್ಟನ್ನೂ ಉದುರಿದ ಗರಿಗಳನ್ನೂ ಹೆಕ್ಕಿ ತಿನ್ನುವುದುಂಟು. ಮೂಕಪ್ರಾಣಿ ತನಗೆ ಬೇಕಾದುದನ್ನು ತಾನೇ ಹುಡುಕಿಕೊಂಡಿತು; ಪಂಡಿತರಿಗೆ ತಿಳಿಯುವುದು ತಡವಾಯಿತು.

ನಾರ್ವೆ ದೇಶದ ಓಸ್ ಎಂಬ ಊರಿನ ಕೃಷಿ ವಿದ್ಯಾಲಯದಲ್ಲಿ ಹೆಟ್‌ಲಾಂಡ್, ಸ್ವಿಹುಸ್ ಮೊದಲಾದವರು 2001 ರಿಂದ 2003ರ ವರೆಗೆ ಪ್ರಕಟಿಸಿದ ಲೇಖನಗಳಲ್ಲಿ ಓಟ್ಸ್ ಧಾನ್ಯದ ಹೊಟ್ಟನ್ನೂ ಮರದ ಚೂರುಗಳನ್ನೂ ಮೇವಿಗೆ ಬೆರೆಸಿದಾಗ ಆಗುವುದನ್ನು ವಿವರಿಸಿದ್ದಾರೆ. ಅರೆಯುವ ಹೊಟ್ಟೆ ದೊಡ್ಡದಾಗಿ ಬಲಿಯಿತು. ಅದರೊಳಗೆ ಪಿತ್ತಾಮ್ಲವು ಹೆಚ್ಚಾಗಿ ಸಿಕ್ಕಿತು. ಅಲ್ಲಿಗೆ ಪಿತ್ತ ಬಂದುದು ಹೇಗೆ? ನಾವು ಮೊದಲು ಹೇಳಿದ ಹಿಮ್ಮುಖದ ಓಟದಿಂದ. ಒರಟಾದ ಹೊಟ್ಟು ಸಾಕಷ್ಟು ನುಣ್ಣಗಾಗುವವರೆಗೆ ಆ ಹೊಟ್ಟೆಯನ್ನು ಬಿಟ್ಟು ಕದಲುವುದಿಲ್ಲ. ಅದು ನಿಂತಿರುವಾಗ ಜೊತೆಯ ಮೇವೂ ನಿಲ್ಲುವುದು. ಹುಳಿರಸ ಹೆಚ್ಚಾಗಿ ಸುರಿಯುವುದು. ಬಲಿತ ಮಾಂಸಖಂಡಗಳು ಜೋರಾಗಿ ಕಡೆಯುವುವು. ಸಣ್ಣ ಕರುಳಿನಿಂದ ಪಿತ್ತರಸದೊಡನೆ ಮೇವು ಹಿಂದಕ್ಕೂ ಮುಂದಕ್ಕೂ ಓಡಾಡುವುದು. ಮೊಸರು ಕಡೆಯುವವರಿಗೆ ಕಡೆಗೋಲಿನ ಮಹಿಮೆಯನ್ನು ಹೇಳಬೇಕಾಗಿಲ್ಲ. ಎಣ್ಣೆಯನ್ನು ಪಿತ್ತದೊಡನೆ ಹೀಗೆ ಕಡೆದರೆ ಅದು ಸಣ್ಣ ಹನಿಗಳಾಗಿ ಒಡೆದೇ ಕರುಳಿಗೆ ಇಳಿಯುವುದು. ಹೊಟ್ಟು ತಾನು ಒಂದಿಷ್ಟೂ ಜೀರ್ಣವಾಗದೆ ಬೇರೆಯದನ್ನು ಜೀರ್ಣಗೊಳಿಸಿತು. ಸ್ಪೇನಿನ ಮ್ಯಾಡ್ರಿಡ್ ನಗರದವರು 2007ರಲ್ಲಿ ಪ್ರಕಟಿಸಿದಂತೆ, ನೂರಕ್ಕೆ 3 ಪಾಲು ಓಟ್ಸ್ ಹೊಟ್ಟನ್ನು ಬೆರೆಸಿದಾಗ ಮೇವಿನ ಬಹುಪಾಲು ಪೋಷಕಾಂಶಗಳು ಮೈಗೆ ಹತ್ತುವುದು ಹೆಚ್ಚಿತು.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಹೊಟ್ಟು ಒರಟಾಗಿರಬೇಕು; ಅದನ್ನು ಹಿಟ್ಟಿನಂತೆ ಅರೆದು ಹಾಕಿದರೆ ಒರಳಿನಲ್ಲಿ ನಿಲ್ಲದೆ ಜಾರಿಹೋಗುವುದು, ಗುಣ ಬಹುಮಟ್ಟಿಗೆ ಕೆಡುವುದು. ಮತ್ತು ಅಳತೆ ಮೀರಬಾರದು. 2 ಅಥವಾ 3 ಪಾಲು ಔಷಧಿ. 8 ಅಥವಾ 10 ಪಾಲು ಹೊಟ್ಟು ತುಂಬಿದರೆ ಮೇವಿನ ಸತ್ತ್ವವೇ ತೆಳುವಾಗುವುದು. ಗಡಿಗೆಯ ಮಜ್ಜಿಗೆಗೆ ಕಡೆಗೋಲು ಒಂದೇ ಸಾಕು.

ಇಷ್ಟು ತಿಳಿದ ಮೇಲೆ, ಮೇವಿನ ಚೀಲದ ಮೇಲೆ ಅಚ್ಚುಹಾಕಿರುವ ‘ಕಚ್ಚಾ ನಾರು’ ಎಂಬ ಅಂಕಿಯು ಎಷ್ಟು ಮಟ್ಟಿಗೆ ನಂಬತಕ್ಕದ್ದೆಂಬುದು ಗೊತ್ತಾಗುವುದು. ಈ ಅಂಕಿಯನ್ನು ಕಂಡುಹಿಡಿಯುವ ಕ್ರಮವು 1860ರ ದಶಕದಲ್ಲಿ ಜರ್ಮನಿಯ ವೇಂಡೆ ಎಂಬ ಕೃಷಿ ಪರೀಕ್ಷಾಲಯದಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ಎಂಬವರಿಂದ ರೂಪುಗೊಂಡಿತು. ಧಾನ್ಯವನ್ನು ಆಮ್ಲದಲ್ಲಿ ಒಮ್ಮೆ, ಕ್ಷಾರದಲ್ಲಿ ಒಮ್ಮೆ ಕುದಿಸಿ, ಉಳಿದ ಗಸಿಯಲ್ಲಿ ಬೂದಿಯಾಗುವ ಅಂಶವನ್ನು ಕಳೆದು ತೂಗುವುದು. ಹೊಟ್ಟು ಬಹುಮಟ್ಟಿಗೆ ಉಳಿಯುವುದು. ಅಂಟುನಾರು? ಅದು ಕುದಿಯುವ ನೀರಿನೊಡನೆ ಆಗಲೇ ಹೊರಟುಹೋಗಿರುತ್ತದೆ! ಈ ಲೆಕ್ಕದಲ್ಲಿ ಗೋಧಿಗೂ ಮುಸುಕಿನ ಜೋಳಕ್ಕೂ ಕಚ್ಚಾ ನಾರು ನೂರಕ್ಕೆ 2 ರಿಂದ 3ರೊಳಗೆ, ಹೆಚ್ಚುಕಡಮೆ ಒಂದೇ. ನಮ್ಮ ಶಿಷ್ಯನು ಮೋಸಹೋದುದು ಈ ಅಂಕಿಯಿಂದಲೇ. “ಎರಡರಲ್ಲಿಯೂ ನಾರು ಸಮವೆಂದು ಪುಸ್ತಕದಲ್ಲಿ ನೋಡಿಯೇ ಬದಲಾಯಿಸಿದೆ” ಎಂದು ಕಾಗದದ ಕೊನೆಯಲ್ಲಿ ಬರೆದಿದ್ದಾನೆ. ಪುಸ್ತಕವನ್ನು ನೋಡುವ ಅಭ್ಯಾಸ ಉಳಿಸಿಕೊಂಡಿರುವುದು ನಮಗೆ ಸಂತೋಷವೇ. ಆ ಅಂಕಿ ಅಳೆಯುವುದು ಮಾತ್ರ ಬೇರೆಯದನ್ನು.

ಆತನಿಗೆ ನಾವು ಬರೆದ ಉತ್ತರದ ಸಾರಾಂಶವಿದು. ಮೊದಲ ಎರಡು ವಾರ ಮರಿಗಳಿಗೆ ಗೋಧಿ ಬೇಡ. ಮುಸುಕಿನ ಜೋಳ ತುಟ್ಟಿಯಾದರೆ ಅಕ್ಕಿಯ ನುಚ್ಚು, ಒಗರಿಲ್ಲದ ಬಿಳಿಯ ಜೋಳ ಇವುಗಳ ಬೆಲೆಯನ್ನು ವಿಚಾರಿಸಬೇಕು, ಎರಡರಲ್ಲಿಯೂ ಅಂಟಿಲ್ಲ. ಕೊಂಡಿರುವ ಗೋಧಿಯನ್ನು ಬಲಿತ ಕೋಳಿಗಳಿಗೆ, ಸ್ವಲ್ಪ ಸ್ವಲ್ಪವಾಗಿ, ಅದರ ಅಂಟನ್ನು ಕತ್ತರಿಸುವ ಕಿಣ್ವದೊಡನೆ ಮಾತ್ರ ಕೊಡಬಹುದು. ಕಿಣ್ವದ ಪ್ರಮಾಣವನ್ನು ಪಶುವೈದ್ಯರನ್ನು ಕೇಳಿಯೇ ತಿಳಿಯಬೇಕು. ಅಂಟಿರುವ ಮೇವಿಗೆ ತಾಳೆಯೆಣ್ಣೆಯನ್ನು ಏರಿಸುವುದು ಕೂಡದು. ನೂರು ಕಿಲೋ ಮೇವಿಗೆ 2 ಕಿಲೋ ಶುಚಿಯಾದ, ಬೂಸಲು ಹತ್ತದ ಭತ್ತದ ಹೊಟ್ಟನ್ನು ಹಾಕಿ ನೋಡಬಹುದು, ನೆಲದ ಮೇಲಿನದನ್ನಲ್ಲ. ಒದ್ದೆಯಾದ ನೆಲಹಾಸನ್ನು ಇಂದೇ ತೆಗೆಯಬೇಕು, ಏಕೆಂದರೆ ಅದರಿಂದ ಏಳುವ ಘಾಟು ಮರಿಗಳ ಕಣ್ಣಿಗೂ ಶ್ವಾಸಕ್ಕೂ ಕೇಡು, ಅಂಗಾಲು ಹುಣ್ಣಾಗುವುದೂ ಅದರಿಂದಲೇ.

ಇನ್ನು ಮನುಷ್ಯರ ಮಾತು. ಕೋಳಿಯಲ್ಲಿ ದೋಷವೆನಿಸಿದ ಅಂಟುನಾರನ್ನೇ ವೈದ್ಯರು ಈಗ ಮನುಷ್ಯರಿಗೆ ಬೇಕೆಂದು ಹೇಳುತ್ತಿರುವುದು ವಾಚಕರಿಗೆ ಆಶ್ಚರ್ಯವಾಗಬಹುದು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯು 1997ರಲ್ಲಿ, ದಿನಕ್ಕೆ 3 ಗ್ರಾಂ ಓಟ್ಸ್‌ನ ಅಂಟುನಾರು ಹೃದ್ರೋಗದ ಭಯವನ್ನು ಕಡಮೆಮಾಡಬಹುದೆಂದು ಡಬ್ಬಿಗಳ ಮೇಲೆ ಅಚ್ಚುಹಾಕಲು ಅನುಮತಿ ಕೊಟ್ಟಿತು. 1998ರಲ್ಲಿ ಇಸಬ್ಗೋಲಿಗೂ ಅದೇ ಮಾನ್ಯತೆ ದೊರೆಯಿತು. ಗುಜರಾತು, ರಾಜಸ್ಥಾನಗಳಲ್ಲಿ ಬೆಳೆದು ಲೋಕಕ್ಕೆಲ್ಲ ಹೋಗುವ ನಮ್ಮ ಇಸಬ್ಗೋಲಿದು. ಕಾರಣವು ಮೇಲೆ ಹೇಳಿದುದೇ: ಅಂಟು ಪಿತ್ತಾಮ್ಲಗಳನ್ನು ಹಿಡಿದು ಹೊರಕ್ಕೆ ಒಯ್ಯುವುದು, ನಷ್ಟವಾದುದನ್ನು ತುಂಬಿಕೊಳ್ಳಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ತೆಗೆದು ಹೊಸ ಪಿತ್ತವನ್ನು ತಯಾರಿಸುವುದು, ರಕ್ತದಲ್ಲಿ ಕೊಲೆಸ್ಟರಾಲ್ ಇಳಿಯುವುದು. ನಲವತ್ತು ದಿನದಲ್ಲಿ ಐವತ್ತು ಪಾಲು ಬೆಳೆಯಬೇಕಾದ ಮರಿಗೆ ಈ ಸೋರಿಕೆ ನಷ್ಟ. ಅರವತ್ತು ವರ್ಷ ದಾಟಿ, ಇನ್ನು ಬೆಳೆಯಬೇಕಾದುದು ಹೊಟ್ಟೆಯೊಂದೂ ಅಲ್ಲದ ನಮ್ಮಂಥವರಿಗೆ ಅದು ಲಾಭ.

ಮೆಂತ್ಯದ ಲೋಳೆಯೂ ಗೋರಿಕಾಯಿಯ ಬೀಜದ ಅಂಟೂ ಇದೇ ವರ್ಗದವು. ಆದರೆ ಎಳೆಯ ಮಕ್ಕಳಿಗೆ ದೊಡ್ಡವರ ಅಳತೆಯಲ್ಲಿ ಇಸಬ್ಗೋಲನ್ನು ಕುಡಿಸುವ ಮನೆಗಳನ್ನು ನಾವು ಬಲ್ಲೆವು. ಬೆಳೆಯುವ ಮಗುವಿಗೆ ಮಲಬದ್ಧತೆಯಾದರೆ ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು. ದೊಡ್ಡವರು ಸೇವಿಸುವಾಗಲೂ ಒಂದು ಲೋಟ ತುಂಬ ನೀರಿನೊಡನೆಯೇ ಸೇವಿಸಬೇಕು. ನೀರು ಸಾಲದಿದ್ದರೆ ಅದು ಗಂಟಲಿನಲ್ಲಿಯೇ ಉಬ್ಬಿ ಅಡ್ಡವಾಗುವುದುಂಟು. ನಿತ್ಯದ ಔಷಧಿಗಳಿರುವವರು ಔಷಧಿಗೂ ಇದಕ್ಕೂ ನಡುವೆ ಎರಡು ಗಂಟೆಗಳ ಅಂತರವನ್ನಾದರೂ ಇಡುವುದು ಲೇಸು. ಎಣ್ಣೆಯ ಹನಿಯನ್ನು ತಡೆಯುವ ಲೋಳೆಯು ಗುಳಿಗೆಯನ್ನೂ ತಡೆಯಬಲ್ಲುದು.